ಹಾಡುವ ಇಲಿ, ಹಾಡುವ ಹಕ್ಕಿ: ಒಂದು ಕಲಿಯುತ್ತದೆ, ಇನ್ನೊಂದು ಕಾಯುತ್ತದೆ

ಪ್ರಶ್ನೆ: ಮಧ್ಯ ಅಮೆರಿಕದ ಕಾಡುಗಳಲ್ಲಿ ಹಾಡುವ ಇಲಿ ಇದೆ ಅಂತ ಓದಿದೆ. ಹಕ್ಕಿ ಹಾಡುವುದು ಗೊತ್ತು, ಇಲಿ ಹಾಡುವುದು ಅಂದರೆ ಏನು? ನಿಜವಾಗಿಯೂ ಹಾಡಾ, ಇಲ್ಲ ಸುಮ್ನೆ ಕೀಚಲು ಸದ್ದಿಗೆ ಹಾಗೆ ಹೆಸರಿಟ್ಟಿದ್ದಾರಾ? ಹಕ್ಕಿ ಮರಿಯ ಹಾಗೆ ಇಲಿ ಮರಿಯೂ ಅಪ್ಪನ ಹಾಡು ಕೇಳಿ ಕಲಿಯುತ್ತದಾ? ಎರಡರಲ್ಲಿ ಯಾವುದು ಮನುಷ್ಯನ ಮಾತಿಗೆ ಹತ್ತಿರ? ಅದನ್ನು ನಾವು ಕೇಳಬಹುದಾ?

ಉತ್ತರ:

ನೇರ ಉತ್ತರ ಮೊದಲು. ಇಲಿಯದ್ದು ನಿಜವಾದ ಹಾಡೇ. ಆದರೆ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ, ಹುಟ್ಟಿನಿಂದ ಬಂದದ್ದು. ಹಕ್ಕಿಯ ಹಾಡು ಕಲಿತದ್ದು. ಹಾಗಂತ ಹಕ್ಕಿ ಜಾಣ, ಇಲಿ ದಡ್ಡ ಅಂತ ತೀರ್ಮಾನಕ್ಕೆ ಬರಬೇಡಿ. ಇಲಿಗೆ ಇನ್ನೊಂದು ವಿದ್ಯೆ ಬಲು ಚೆನ್ನಾಗಿ ಗೊತ್ತು. ಎದುರಿನ ಇಲಿ ಹಾಡಿ ಮುಗಿಸುವ ತನಕ ಕಾಯುತ್ತದೆ, ಮುಗಿದ ಅರೆಗಳಿಗೆಯಲ್ಲಿ ತನ್ನ ಹಾಡು ಎತ್ತಿಕೊಳ್ಳುತ್ತದೆ. ನಮ್ಮ ಮಾತಿಗೆ ಈ ಎರಡೂ ಬೇಕಲ್ವಾ? ಪದಗಳನ್ನು ಕೇಳಿ ಕಲಿಯಬೇಕು, ಎದುರಿನವರು ಮಾತಾಡುವಾಗ ತಡೆದುಕೊಂಡು ನಮ್ಮ ಸರದಿಗೆ ಬಾಯಿ ತೆರೆಯಬೇಕು. ಮೊದಲನೆಯದನ್ನು ನಾವು ಹಕ್ಕಿಯಲ್ಲಿ ಅಧ್ಯಯನ ಮಾಡುತ್ತೇವೆ, ಎರಡನೆಯದನ್ನು ಇಲಿಯಲ್ಲಿ.

ಈಗ ವಿವರ. ಇಲಿ, ಹಕ್ಕಿ ಎರಡೂ ತುಂಬಾ ದೊಡ್ಡ ಗುಂಪುಗಳು. ಹೋಲಿಸಬೇಕಾದರೆ ಆ ಗುಂಪಿನಿಂದ ಒಂದು, ಈ ಗುಂಪಿನಿಂದ ಒಂದು ಆರಿಸಿಕೊಳ್ಳಬೇಕು. ನೀವು ಓದಿದ್ದು ಆಲ್‌ಸ್ಟನ್‌ನ ಹಾಡುವ ಇಲಿಯ ಬಗ್ಗೆ ಇರಬೇಕು. ವೈಜ್ಞಾನಿಕ ಹೆಸರು ಸ್ಕೊಟಿನೊಮಿಸ್ ಟೆಗ್ವಿನಾ. ದಕ್ಷಿಣ ಮೆಕ್ಸಿಕೊದಿಂದ ಪನಾಮದವರೆಗೆ, ಮಂಜು ಕವಿದ ಬೆಟ್ಟದ ಕಾಡುಗಳಲ್ಲಿ ಇರುತ್ತದೆ. ಜೊತೆಗೆ ನಾನು ಇಡುವ ಹಕ್ಕಿ ಆಸ್ಟ್ರೇಲಿಯಾದ ಒಣ ಬಯಲುಗಳ ಜೀಬ್ರಾ ಫಿಂಚ್. ಕೆಂಪು ಕೊಕ್ಕು, ಗಂಡಿಗೆ ಕಿತ್ತಳೆ ಕೆನ್ನೆ. ಹಾಡು ಹೇಗೆ ಹುಟ್ಟುತ್ತದೆ ಅಂತ ತಿಳಿಯಲು ವಿಜ್ಞಾನಿಗಳು ಹೆಚ್ಚಾಗಿ ಮೊರೆಹೋಗುವ ಹಕ್ಕಿ ಇದು.

ಇವೆರಡರ ತೂಕ ಹೆಚ್ಚುಕಡಿಮೆ ಒಂದೇ, ಹತ್ತರಿಂದ ಹದಿನೈದು ಗ್ರಾಂ. ಎರಡೂ ಅಂಗೈಯಲ್ಲಿ ಕೂರುವಷ್ಟು ಜೀವಗಳು. ಆದರೆ ಇವೆರಡಕ್ಕೂ ಸಮಾನ ಪೂರ್ವಜ ಬದುಕಿದ್ದು 30 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ. ಆ ಪೂರ್ವಜ ಹಾಡುತ್ತಿರಲಿಲ್ಲ. ಅಂದರೆ ಇವುಗಳಿಗೆ ಹಾಡು ಪಿತ್ರಾರ್ಜಿತವಾಗಿ ಬಂದದ್ದಲ್ಲ. ಎರಡೂ ತಮ್ಮ ತಮ್ಮ ದಾರಿ ಹಿಡಿದು ಅಲ್ಲಿಗೆ ಬಂದು ಮುಟ್ಟಿವೆ. ಹೋಲಿಕೆ ಸ್ವಾರಸ್ಯವಾಗುವುದು ಇದರಿಂದಲೇ.

ಇಲಿ ಹಾಡುವುದನ್ನು ಹತ್ತಿರದಿಂದ ನೋಡೋಣ. ಇಲಿ ಅಂದ ಕೂಡಲೇ ರಾತ್ರಿ ನೆನಪಾಗುತ್ತದೆ, ಆದರೆ ಇದು ಹಗಲಿನ ಪ್ರಾಣಿ. ನೆಲದ ಮೇಲೆ ಬಿದ್ದ ಎಲೆಗಳ ನಡುವೆ ಹುಳಹುಪ್ಪಟೆ ಹುಡುಕುತ್ತಾ ಓಡಾಡುತ್ತಿರುತ್ತದೆ. ಇದ್ದಕ್ಕಿದ್ದ ಹಾಗೆ ನಿಲ್ಲುತ್ತದೆ. ಹಿಂಗಾಲ ಮೇಲೆ ಎದ್ದು ನಿಂತು, ತಲೆಯನ್ನು ಹಿಂದಕ್ಕೆ ಚೆಲ್ಲಿ, ಬಾಯಿ ತೆರೆಯುತ್ತದೆ. ಮೊದಲ ಸ್ವರಗಳು ಚಿಕ್ಕವು, ಮೆಲ್ಲಗಿನವು, ಒಂದರ ಹಿಂದೊಂದು ದಡದಡನೆ ಬರುತ್ತವೆ. ಹೋಗ್ತಾ ಹೋಗ್ತಾ ಒಂದೊಂದು ಸ್ವರವೂ ಹಿಂದಿನದಕ್ಕಿಂತ ಉದ್ದವಾಗುತ್ತದೆ, ದನಿ ಏರುತ್ತದೆ, ನಡುವಿನ ಬಿಡುವು ಹಿಗ್ಗುತ್ತದೆ. ಒಂದು ಹಾಡು ಹತ್ತು ಸೆಕೆಂಡಿನ ತನಕ ಹೋಗಬಹುದು. ಅಷ್ಟರಲ್ಲಿ ನೂರರ ಹತ್ತಿರ ಸ್ವರಗಳು ಬಂದಿರುತ್ತವೆ. ಆಮೇಲೆ ಮುಂಗಾಲು ನೆಲಕ್ಕೆ ಊರಿ ಮತ್ತೆ ಹುಳ ಹುಡುಕಲು ಹೊರಡುತ್ತದೆ. ಗಂಡು ಜಾಸ್ತಿ ಹಾಡುತ್ತದೆ. ಹೆಣ್ಣೂ ಹಾಡುತ್ತದೆ, ಆದರೆ ಕಡಿಮೆ.

ಇದನ್ನು ಹಾಡು ಅಂತ ಕರೆಯಬಹುದಾ? ನನ್ನ ಮಟ್ಟಿಗೆ ಅನುಮಾನವೇ ಇಲ್ಲ. ಹೆದರಿಕೆಗೆ, ನೋವಿಗೆ ಬಾಯಿಂದ ಬರುವ ಒಂಟಿ ಸದ್ದು ಕೂಗು. ಹಾಡಿಗೆ ಒಂದು ಆರಂಭ ಇರುತ್ತದೆ, ಕ್ರಮ ಇರುತ್ತದೆ, ಕೊನೆ ಇರುತ್ತದೆ. ಪ್ರತಿ ಸಲವೂ ಅದೇ ಕ್ರಮದಲ್ಲಿ ಬರುತ್ತದೆ. ದೂರದಲ್ಲಿರುವ ಇನ್ನೊಬ್ಬರಿಗೆ "ನಾನು ಇಲ್ಲಿದ್ದೇನೆ, ಇಂಥವನು" ಅಂತ ಸಾರುತ್ತದೆ. ಹಕ್ಕಿಯ ಹಾಡನ್ನು ಅಳೆಯುವುದು ಇದೇ ಅಳತೆಯಲ್ಲಿ, ಇಲಿಯದ್ದು ಅದರಲ್ಲಿ ಪೂರ್ತಿ ಪಾಸಾಗುತ್ತದೆ. ಇಲಿಯ ಹೆಣ್ಣುಗಳು ವೇಗವಾಗಿ ಹಾಡುವ ಗಂಡಿನತ್ತ ಹೆಚ್ಚು ಒಲಿಯುತ್ತವೆ. ಹಾಡಿನ ಬಿರುಸು ಗಂಡು ಹಾರ್ಮೋನಿನ ಮೇಲೂ ನಿಂತಿದೆ. ಹಾಡುಹಕ್ಕಿಗಳಲ್ಲೂ ನಾವು ಇಂಥದ್ದನ್ನೇ ಕಾಣುತ್ತೇವೆ.

ಸದ್ದು ಹೊರಡುವ ಜಾಗ ಮಾತ್ರ ಬೇರೆ. ಇಲಿಗೆ ನಮ್ಮ ಹಾಗೆ ಗಂಟಲಲ್ಲಿ ಧ್ವನಿಪೆಟ್ಟಿಗೆ ಇದೆ. ಹಕ್ಕಿಗೆ ಸಿರಿಂಕ್ಸ್ ಅನ್ನುವ ಬೇರೊಂದು ಅಂಗ ಇದೆ. ಅದು ಎದೆಯೊಳಗೆ, ಉಸಿರುಕೊಳವೆ ಎರಡಾಗಿ ಕವಲೊಡೆಯುವ ಕಡೆ ಇರುತ್ತದೆ. ಎರಡು ಕವಲನ್ನೂ ಬೇರೆ ಬೇರೆಯಾಗಿ ಹಿಡಿತದಲ್ಲಿಡಬಹುದು.

ಇನ್ನು ಕಲಿಕೆಗೆ ಬರೋಣ. ನಿಮ್ಮ ಪ್ರಶ್ನೆಯ ಜೀವ ಇರುವುದು ಇಲ್ಲಿ.

ಜೀಬ್ರಾ ಫಿಂಚ್‌ನಲ್ಲಿ ಹಾಡುವುದು ಗಂಡು ಮಾತ್ರ. ಗಂಡು ಮರಿ ಮೊಟ್ಟೆಯೊಡೆದು ಮೂರು ವಾರ ಆಗುವ ಹೊತ್ತಿಗೆ ಅಪ್ಪನ ಹಾಡಿಗೆ ಕಿವಿಗೊಡಲು ಶುರು ಮಾಡುತ್ತದೆ. ಆ ಹಾಡು ಅದರ ನೆನಪಿನಲ್ಲಿ ಅಚ್ಚಾಗುತ್ತದೆ. ಐದಾರು ವಾರಕ್ಕೆ ತಾನೂ ಬಾಯಿ ತೆರೆಯುತ್ತದೆ. ಆಗ ಬರುವುದು ಬರೀ ತೊದಲು. ಮೂಲೆಯಲ್ಲಿ ಕೂತು, ಗರಿ ಉಬ್ಬಿಸಿಕೊಂಡು, ತನ್ನಷ್ಟಕ್ಕೆ ಗುಂಯ್ ಚಿರ್ರ್ ಅಂತ ಏನೇನೋ ಗೊಣಗುತ್ತಿರುತ್ತದೆ. ಒಂದು ಸ್ವರ ಇನ್ನೊಂದರ ಹಾಗಿರುವುದಿಲ್ಲ. ಕಂದಮ್ಮಗಳು ತೊಟ್ಟಿಲಲ್ಲಿ ಮಲಗಿ ಬಾ ಬಾ, ಗಾ ಗಾ ಅನ್ನುವುದನ್ನು ಕೇಳಿದವರಿಗೆ ಈ ತೊದಲು ತಕ್ಷಣ ಗುರುತು ಸಿಗುತ್ತದೆ. ದಿನಕ್ಕೆ ಸಾವಿರಾರು ಸಲ ಹಾಡಿ ಹಾಡಿ, ತನ್ನ ಕಿವಿಗೆ ಬಿದ್ದದ್ದನ್ನು ನೆನಪಿನಲ್ಲಿರುವ ಅಪ್ಪನ ಹಾಡಿಗೆ ಹೋಲಿಸಿ, ತಿದ್ದಿಕೊಳ್ಳುತ್ತಾ ಹೋಗುತ್ತದೆ. ಸುಮಾರು ತೊಂಬತ್ತು ದಿನಕ್ಕೆ ಹಾಡು ಗಟ್ಟಿಯಾಗುತ್ತದೆ. ಒಂದು ಸೆಕೆಂಡಿನೊಳಗೆ ಮುಗಿಯುವ ಒಂದು ಚಿಕ್ಕ ಪಲುಕು. ಮುಂದೆ ಬದುಕಿಡೀ ಅದನ್ನೇ ಹಾಡುತ್ತದೆ.

ಇದು ಕಲಿಕೆಯೇ ಅಂತ ಹೇಗೆ ಗೊತ್ತು? ಜೀಬ್ರಾ ಫಿಂಚ್ ಮರಿಯನ್ನು ಬೆಂಗಾಲೀಸ್ ಫಿಂಚ್ ಅನ್ನುವ ಬೇರೆ ಜಾತಿಯ ಹಕ್ಕಿ ಸಾಕಿದರೆ, ಮರಿ ಸಾಕುತಂದೆಯ ಹಾಡು ಕಲಿಯುತ್ತದೆ. ಮರಿ ಕಿವುಡಾದರೆ ಹಾಡು ರೂಪಕ್ಕೇ ಬರುವುದಿಲ್ಲ. ಹಾಡು ಗಟ್ಟಿಯಾದ ಮೇಲೆ ಕಿವುಡಾದರೂ ವಾರಗಳು ಕಳೆದ ಹಾಗೆ ನಿಧಾನವಾಗಿ ಕೆಡುತ್ತದೆ. ತನ್ನ ದನಿಯನ್ನು ತಾನು ಕೇಳಿಸಿಕೊಳ್ಳುತ್ತಾ ಇರದಿದ್ದರೆ ಕಲಿತದ್ದು ಉಳಿಯುವುದಿಲ್ಲ. ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಈ ಹಕ್ಕಿಗಳು ನಿದ್ದೆ ಮಾಡುವಾಗ ಅವುಗಳ ಮಿದುಳಿನ ಕೆಲವು ನರಕೋಶಗಳು ಹಾಡುವಾಗ ಮಿಡಿದ ಲಯದಲ್ಲೇ ಮತ್ತೆ ಮಿಡಿಯುತ್ತವೆ. 2000ದಲ್ಲಿ ಇದು ಪ್ರಕಟವಾಯಿತು. ಕೊಕ್ಕು ಮುಚ್ಚಿರುತ್ತದೆ, ಒಳಗೆ ಹಾಡು ಓಡುತ್ತಿರುತ್ತದೆ.

ಇಲಿ ಮರಿಯಲ್ಲಿ ಇಂಥ ಅಭ್ಯಾಸದ ಕಾಲವೇ ಕಾಣುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಾಡುವ ಇಲಿಗಳ ಮರಿಗಳ ಸದ್ದನ್ನು ಹುಟ್ಟಿದ ದಿನದಿಂದ ಹಾಲು ಬಿಡುವ ತನಕ ದಿನಾ ದಾಖಲಿಸಿದರು. ಹಲವು ಮರಿಗಳನ್ನು ಪ್ರಾಯಕ್ಕೆ ಬರುವ ತನಕವೂ ಬಿಡದೆ ಕೇಳಿದರು. ಮೊದಲ ವಾರಗಳಲ್ಲಿ ಮರಿಗಳು ಅಮ್ಮನಿಗಾಗಿ ಜೋರಾಗಿ ಕೀಚಲಿಡುತ್ತವೆ. ದೊಡ್ಡ ಇಲಿಯ ಹಾಡಿನಲ್ಲಿರುವ ಬಿಡಿ ಸ್ವರಗಳು ಆಗಲೇ ಇರುತ್ತವೆ, ಆದರೆ ಜೋಡಣೆ ಇರುವುದಿಲ್ಲ. ದಿನ ಕಳೆದ ಹಾಗೆ ಜೋಡಣೆ ಸುಧಾರಿಸುವುದೂ ಇಲ್ಲ. ಹಾಲು ಬಿಡುವ ಮುಂಚೆ ಸದ್ದು ನಿಂತೇ ಹೋಗುತ್ತದೆ. ಎರಡು ವಾರಕ್ಕೂ ಹೆಚ್ಚು ಕಾಲ ಪೂರ್ತಿ ಮೌನ. ಆಮೇಲೆ ಪ್ರಾಯಕ್ಕೆ ಬಂದ ಇಲಿ ಒಂದು ದಿನ ಎದ್ದು ನಿಂತು ಬಾಯಿ ತೆರೆಯುತ್ತದೆ. ಮೊದಲ ಹಾಡೇ ಸಿದ್ಧ ಹಾಡು, ದೊಡ್ಡವರ ಹಾಡಿನ ಕಟ್ಟಡವೆಲ್ಲ ಅದರಲ್ಲಿದೆ. ತೊದಲಿಲ್ಲ, ತಿದ್ದುಪಡಿ ಇಲ್ಲ. ಪ್ರಯೋಗಾಲಯದ ಸಾಮಾನ್ಯ ಇಲಿಗಳಲ್ಲೂ, ಹುಟ್ಟಾ ಕಿವುಡಾದವು ಹೊರಡಿಸುವ ಸದ್ದು ಬಹುಮಟ್ಟಿಗೆ ಉಳಿದವುಗಳ ಹಾಗೇ ಇರುತ್ತದೆ.

ಕಲಿತದ್ದು, ಹುಟ್ಟಿನಿಂದ ಬಂದದ್ದು ಅಂತ ಇಷ್ಟು ಸಲೀಸಾಗಿ ಗೆರೆ ಎಳೆದುಬಿಟ್ಟರೆ ಎರಡು ಪ್ರಾಣಿಗಳಿಗೂ ಅನ್ಯಾಯ ಮಾಡಿದ ಹಾಗೆ. ಹಕ್ಕಿಯನ್ನೇ ನೋಡಿ. ಗುರುವೇ ಇಲ್ಲದೆ ಒಂಟಿಯಾಗಿ ಬೆಳೆದ ಜೀಬ್ರಾ ಫಿಂಚ್ ಒಂದು ಒರಟು, ವಿಚಿತ್ರ ಹಾಡು ಹಾಡುತ್ತದೆ. ಅಂಥ ಒಂಟಿ ಹಕ್ಕಿಯನ್ನೇ ಗುರುವಾಗಿಟ್ಟು ಮರಿಗಳಿಗೆ ಕಲಿಯಲು ಬಿಟ್ಟರು. ಮರಿಗಳು ಅದನ್ನು ಕಲಿತವು, ಕಲಿಯುವಾಗ ಅಲ್ಲಲ್ಲಿ ಒಂಚೂರು ಬದಲಿಸಿದವು. ಆ ಮರಿಗಳಿಂದ ಮುಂದಿನ ಮರಿಗಳು ಕಲಿತವು. ಮೂರು ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಹಾಡು ಕಾಡಿನ ಹಕ್ಕಿಗಳ ಹಾಡಿನ ಹತ್ತಿರ ಬಂದುಬಿಟ್ಟಿತು. 2009ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಕೆಲಸ ಇದು. ಅಂದರೆ ಕಲಿಯುವ ಹಕ್ಕಿಗೂ ಒಳಗೊಂದು ಒಲವು ಹುಟ್ಟಿನಿಂದ ಇದೆ. ಇಲಿಯ ಹಾಡೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಮೈಯಲ್ಲಿ ಕೊಬ್ಬು ಚೆನ್ನಾಗಿರುವ ಇಲಿ ಹೆಚ್ಚು ಶ್ರಮ ಹಾಕಿ ಹಾಡುತ್ತದೆ. ಎದುರಿಗೆ ಯಾರಿದ್ದಾರೆ ಅನ್ನುವುದರ ಮೇಲೂ ಹಾಡು ಬದಲಾಗುತ್ತದೆ.

ಎದುರಿಗೆ ಇನ್ನೊಬ್ಬ ಇದ್ದಾಗ ಏನಾಗುತ್ತದೆ ಅನ್ನುವುದೇ ಇಲಿಯ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಸಂಗತಿ. ಎರಡು ಗಂಡಿಲಿಗಳು ಒಂದಕ್ಕೊಂದು ಕಾಣದ ಹಾಗೆ, ಆದರೆ ಕೇಳುವ ಹಾಗೆ ಇದ್ದರೆ ಜುಗಲ್‌ಬಂದಿ ಶುರುವಾಗುತ್ತದೆ. ಒಂದು ಹಾಡುತ್ತದೆ, ಇನ್ನೊಂದು ಬಾಯಿ ಮುಚ್ಚಿ ಕಾಯುತ್ತದೆ. ಮೊದಲನೆಯದು ನಿಲ್ಲಿಸಿದ ಒಂದು ಸೆಕೆಂಡಿನೊಳಗೆ ಎರಡನೆಯದು ಎತ್ತಿಕೊಳ್ಳುತ್ತದೆ. ಒಂದರ ಹಾಡು ಇನ್ನೊಂದರ ಹಾಡಿನ ಮೇಲೆ ಬೀಳುವುದಿಲ್ಲ. ಎದುರಿನವನ ಹಾಡು ಎಷ್ಟು ಉದ್ದ ಇರುತ್ತದೆ ಅಂತ ಮೊದಲೇ ತಿಳಿಯುವುದಿಲ್ಲ, ಆದ್ದರಿಂದ ಬರೀ ಗಡಿಯಾರದ ಲೆಕ್ಕದಲ್ಲಿ ಇದು ಆಗುವ ಕೆಲಸ ಅಲ್ಲ. ಕಿವಿಗೆ ಬಿದ್ದದ್ದು ಆ ಕ್ಷಣದಲ್ಲೇ ಗಂಟಲನ್ನು ಹಿಡಿದಿಡಬೇಕು, ಆ ಕ್ಷಣದಲ್ಲೇ ಬಿಡಬೇಕು.

ಇದು ಮಿದುಳಿನ ಯಾವ ಭಾಗದ ಕೆಲಸ? ಇದನ್ನು ಹುಡುಕಿದವರಲ್ಲಿ ಒಬ್ಬರು ನರವಿಜ್ಞಾನಿ ಮೈಕೆಲ್ ಲಾಂಗ್. ಎರಡೂ ಪ್ರಾಣಿಗಳ ಮೇಲೆ ಒಂದೇ ಉಪಾಯ ಬಳಸಿದವರು ಅವರು. ಮಿದುಳಿನ ಒಂದು ಚಿಕ್ಕ ಭಾಗವನ್ನು ಕೆಲವೇ ಡಿಗ್ರಿ ತಣ್ಣಗೆ ಮಾಡುವುದು ಆ ಉಪಾಯ. ತಂಪಾದರೆ ಅಲ್ಲಿನ ನರಕೋಶಗಳ ಕೆಲಸ ನಿಧಾನವಾಗುತ್ತದೆ. ಹಾಡಿನ ಗಡಿಯಾರ ಅಲ್ಲಿದ್ದರೆ ಹಾಡೂ ನಿಧಾನವಾಗಬೇಕು. 2008ರಲ್ಲಿ ಮಿಶೆಲ್ ಫೀ ಜೊತೆ ಅವರು ಜೀಬ್ರಾ ಫಿಂಚ್‌ನ ಎಚ್‌ವಿಸಿ ಅನ್ನುವ ಭಾಗವನ್ನು ತಂಪು ಮಾಡಿದರು. ಹಾಡು ಎಳೆದ ಹಾಗೆ ನಿಧಾನವಾಯಿತು. ಸ್ವರ, ಸ್ವರದೊಳಗಿನ ಏರಿಳಿತ, ನಡುವಿನ ಬಿಡುವು ಎಲ್ಲವೂ ಒಟ್ಟಿಗೆ ಹಿಗ್ಗಿದವು. ಎಚ್‌ವಿಸಿಯಲ್ಲಿ ಒಂದು ಬಗೆಯ ನರಕೋಶಗಳಿವೆ. ಒಂದು ಪಲುಕಿನಲ್ಲಿ ಅವು ಒಂದೊಂದೂ ಒಂದೇ ಸಲ, ತನ್ನ ಜಾಗ ಬಂದಾಗ ಮಾತ್ರ, ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು ಮಿಡಿದು ಸುಮ್ಮನಾಗುತ್ತವೆ. ಸಾಲಾಗಿ ನಿಂತವರು ಒಬ್ಬೊಬ್ಬರೇ ಕೈಯೆತ್ತಿ ಇಳಿಸಿದ ಹಾಗೆ.

2019ರಲ್ಲಿ ಲಾಂಗ್ ಮತ್ತು ಸ್ಟೀವನ್ ಫೆಲ್ಪ್ಸ್ ಅವರ ತಂಡಗಳು ಸೈನ್ಸ್ ಪತ್ರಿಕೆಯಲ್ಲಿ ಇಲಿಯ ಫಲಿತಾಂಶ ಪ್ರಕಟಿಸಿದವು. ಮಿದುಳಿನ ಹೊರಪದರಕ್ಕೆ ಕಾರ್ಟೆಕ್ಸ್ ಅನ್ನುತ್ತಾರೆ. ಅದರಲ್ಲಿ ಮುಖ, ಬಾಯಿಯ ಸ್ನಾಯುಗಳನ್ನು ಆಡಿಸುವ ಭಾಗವನ್ನು ತಂಪು ಮಾಡಿದಾಗ ಇಲಿಯ ಹಾಡು ಉದ್ದವಾಯಿತು, ಆದರೆ ಒಂದೊಂದು ಸ್ವರದ ಆಕಾರ ಕೆಡಲಿಲ್ಲ. ಸ್ವರ ಕಟ್ಟುವ ಯಂತ್ರ ಕೆಳಗೆಲ್ಲೋ, ಮಿದುಳಿನ ಹಳೆಯ ಭಾಗಗಳಲ್ಲಿದೆ. ಕಾರ್ಟೆಕ್ಸ್ ಅದರ ಮೇಲೆ ಕೂತು ನಡೆ ಹೇಳುತ್ತದೆ, ಅಷ್ಟೆ. ಆ ಭಾಗವನ್ನು ಔಷಧಿಯಿಂದ ಸ್ವಲ್ಪ ಹೊತ್ತು ಪೂರ್ತಿ ಸುಮ್ಮನಾಗಿಸಿದರು. ಇಲಿ ಆಗಲೂ ಹಾಡಿತು! ಒಂಟಿಯಾಗಿ, ಸರಿಯಾಗಿಯೇ ಹಾಡಿತು. ಆದರೆ ಎದುರಿನ ಇಲಿಗೆ ಉತ್ತರ ಕೊಡುವುದು ನಿಂತುಹೋಯಿತು. ಹಾಡು ಉಳಿಯಿತು, ಸಂವಾದ ಹೋಯಿತು.

ಇದರ ಪಕ್ಕದಲ್ಲಿ ಹಕ್ಕಿಯ ಎಚ್‌ವಿಸಿಯನ್ನು ತೆಗೆದರೆ ಏನಾಗುತ್ತದೆ ಅಂತ ಇಟ್ಟು ನೋಡಿ. ಬೆಳೆದ ಜೀಬ್ರಾ ಫಿಂಚ್ ತನ್ನ ಕಲಿತ ಹಾಡನ್ನು ಪೂರ್ತಿ ಕಳೆದುಕೊಂಡು ಮರಿಯ ಕಾಲದ ತೊದಲಿಗೆ ಮರಳುತ್ತದೆ. ಹಕ್ಕಿಯ ಮೇಲ್ಮಿದುಳು ಹಾಡನ್ನೇ ಹೊತ್ತುಕೊಂಡಿದೆ. ಇಲಿಯ ಮೇಲ್ಮಿದುಳು ಹಾಡುವ ಹೊತ್ತನ್ನು ನೋಡಿಕೊಳ್ಳುತ್ತದೆ. ಇವೆರಡರ ನಡುವಿನ ವ್ಯತ್ಯಾಸ ಒಂದೇ ಮಾತಿನಲ್ಲಿ ಹೇಳಿ ಅಂದರೆ ನಾನು ಹೇಳುವುದು ಇದನ್ನೇ.

ಹಾಗಾದರೆ ಹಕ್ಕಿಗೆ ಸರದಿ ಗೊತ್ತಿಲ್ಲವಾ? ಗೊತ್ತು, ಆದರೆ ಹಾಡಿನಲ್ಲಿ ಅಲ್ಲ. ಜೀಬ್ರಾ ಫಿಂಚ್ ಗುಂಪಿನಲ್ಲಿ ಬಾಳುವ ಹಕ್ಕಿ, ಹಾಡಿ ಗಡಿ ಕಾಯುವ ಅಭ್ಯಾಸ ಅದಕ್ಕಿಲ್ಲ. ಹೆಣ್ಣಿನ ಮುಂದೆ ಕುಣಿಯುತ್ತಾ ಹಾಡುತ್ತದೆ, ಇಲ್ಲವೇ ಸುಮ್ನೆ ತನ್ನಷ್ಟಕ್ಕೆ ಹಾಡುತ್ತದೆ. ಸರದಿ ಪಾಲಿಸುವುದು ದಿನವಿಡೀ ಗಂಡು ಹೆಣ್ಣು ನಡುವೆ ಓಡಾಡುವ ಚಿಕ್ಕ ಕೂಗುಗಳಲ್ಲಿ. "ಟೆಟ್" ಅಂದರೆ "ಟೆಟ್" ಅಂತ ಉತ್ತರ ಬರುತ್ತದೆ, ಅದೂ ಅರ್ಧ ಸೆಕೆಂಡಿನೊಳಗೆ. ನೈಟಿಂಗೇಲ್‌ನಂಥ ಬೇರೆ ಹಾಡುಹಕ್ಕಿಗಳು ಹಾಡಿನಲ್ಲೂ ಪೈಪೋಟಿ ನಡೆಸುತ್ತವೆ. ಅದಕ್ಕೇ ಮೊದಲು ಹೇಳಿದ್ದು, ಯಾವ ಹಕ್ಕಿ ಅಂತ ಗೊತ್ತಿರಬೇಕು ಅಂತ.

ಇಲಿ ಎಲ್ಲರಿಗೂ ಉತ್ತರ ಕೊಡುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕೋಸ್ಟರೀಕಾ, ಪನಾಮ ಬೆಟ್ಟಗಳ ಇನ್ನೂ ಎತ್ತರದಲ್ಲಿ ಇದರ ಅಣ್ಣನಂಥ ಜಾತಿಯೊಂದಿದೆ, ಸ್ಕೊಟಿನೊಮಿಸ್ ಝೆರಾಂಪೆಲಿನಸ್. ಮೈಯಲ್ಲಿ ದೊಡ್ಡದು, ಜಗಳದಲ್ಲಿ ಮುಂದು. ಅದರ ಹಾಡು ಕೇಳಿದರೆ ನಮ್ಮ ಚಿಕ್ಕ ಇಲಿ ಬಾಯಿ ಮುಚ್ಚಿಕೊಂಡು ಜಾಗ ಖಾಲಿ ಮಾಡುತ್ತದೆ. ತನ್ನ ಜಾತಿಯವನಾದರೆ ಉತ್ತರ, ದೊಡ್ಡಣ್ಣನಾದರೆ ಮೌನ. ಬೆಟ್ಟದ ಇಳಿಜಾರಿನಲ್ಲಿ ಯಾರು ಎಲ್ಲಿರಬೇಕು ಅನ್ನುವುದು ಭಾಗಶಃ ಹೀಗೆ ಹಾಡಿನಲ್ಲೇ ತೀರ್ಮಾನ ಆಗುತ್ತದೆ.

"ಮಾತಿನ ಜೀನ್" ಅಂತ ಹೆಸರಾದ ಫಾಕ್ಸ್‌ಪಿ2 ಬಗ್ಗೆ ಎರಡು ಮಾತು, ಯಾಕಂದರೆ ಈ ವಿಷಯ ಓದಿದವರೆಲ್ಲ ಅದನ್ನು ಕೇಳುತ್ತಾರೆ. 2001ರಲ್ಲಿ, ಮಾತಿನ ತೊಂದರೆ ಇದ್ದ ಒಂದು ಕುಟುಂಬದಲ್ಲಿ ಈ ಜೀನ್ ಕೆಟ್ಟಿರುವುದು ಗೊತ್ತಾಯಿತು. ಎಳೆಯ ಜೀಬ್ರಾ ಫಿಂಚ್‌ನ ಮಿದುಳಿನಲ್ಲಿ, ಹಾಡು ಕಲಿಯುವ ಭಾಗದಲ್ಲಿ ಇದರ ಪ್ರಮಾಣ ತಗ್ಗಿಸಿದರೆ ಅದು ಗುರುವಿನ ಹಾಡನ್ನು ಅರೆಬರೆಯಾಗಿ ನಕಲು ಮಾಡುತ್ತದೆ. ಹಾಡುವ ಇಲಿಯ ಮಿದುಳಿನಲ್ಲೂ ಈ ಜೀನ್ ಕೆಲಸ ಮಾಡುತ್ತದೆ. ಹಾಗಂತ ಇದು ಮಾತಿನ ಜೀನ್ ಅಲ್ಲ. ಮಾತೂ ಹಾಡೂ ಇಲ್ಲದ ಪ್ರಾಣಿಗಳಲ್ಲೂ ಇದೆ. ಆ ಹೆಸರನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಯಾವುದು ನಮ್ಮ ಮಾತಿಗೆ ಹತ್ತಿರ ಅನ್ನುವ ಪ್ರಶ್ನೆಗೆ ನನ್ನ ಅಭಿಪ್ರಾಯ ಇಷ್ಟು. ಮಗು ಮಾತು ಕಲಿಯುವ ಬಗೆ ತಿಳಿಯಬೇಕಾದರೆ, ಕಿವುಡುತನ ಮಾತಿಗೆ ಏನು ಮಾಡುತ್ತದೆ ಅಂತ ತಿಳಿಯಬೇಕಾದರೆ, ನಾನು ಫಿಂಚ್ ಹತ್ತಿರ ಹೋಗುತ್ತೇನೆ. ಪಾರ್ಶ್ವವಾಯು ಆದವರಲ್ಲಿ ಕೆಲವರಿಗೆ ಪದಗಳು ಗೊತ್ತಿದ್ದೂ ಸಂಭಾಷಣೆಯಲ್ಲಿ ಹೊತ್ತಿಗೆ ಸರಿಯಾಗಿ ಬಾಯಿಗೆ ಬರುವುದಿಲ್ಲ. ಅದನ್ನು ತಿಳಿಯಬೇಕಾದರೆ ಇಲಿಯ ಹತ್ತಿರ ಹೋಗುತ್ತೇನೆ. ಇಲಿಯ ಮಿದುಳು ನಮ್ಮ ಹಾಗೆ ಸಸ್ತನಿಯ ಮಿದುಳು. ಅದರಲ್ಲಿ ಕಾರ್ಟೆಕ್ಸ್ ಪದರ ಪದರವಾಗಿ ನಮ್ಮದರ ಹಾಗೇ ಕಟ್ಟಿದೆ. ಆ ಅನುಕೂಲ ಹಕ್ಕಿಯಲ್ಲಿ ಇಲ್ಲ.

ಕೊನೆಗೆ, ಕೇಳುವ ಪ್ರಶ್ನೆ. ಫಿಂಚ್ ಹಾಡನ್ನು ಯಾರು ಬೇಕಾದರೂ ಕೇಳಬಹುದು, ಚಿಕ್ಕ ಆಟಿಕೆ ತುತ್ತೂರಿಯ ಹಾಗಿರುತ್ತದೆ. ಇಲಿಯದ್ದು ಕಷ್ಟ. ಅದರ ಒಂದೊಂದು ಸ್ವರವೂ ಸುಮಾರು 40 ಕಿಲೋಹರ್ಟ್ಜ್ ಎತ್ತರದಲ್ಲಿ ಹೊರಟು ಹತ್ತು ಹದಿನೈದರ ತನಕ ಜಾರುತ್ತದೆ. ಎಳೆಯ ಕಿವಿಗೆ ಕೇಳುವುದೂ 20ರವರೆಗೆ ಮಾತ್ರ, ವಯಸ್ಸಾದ ಹಾಗೆ ಅದೂ ಇಳಿಯುತ್ತದೆ. ಹಾಗಾಗಿ ನಮಗೆ ಸಿಗುವುದು ಸ್ವರದ ಬಾಲ ಮಾತ್ರ, ಪೊದೆಯಲ್ಲಿ ಹುಳವೊಂದು ಕಿರ್ರ್ ಅಂದ ಹಾಗೆ. ಫೋನಿನಲ್ಲಿ ದಾಖಲಿಸಿದರೂ ಮೇಲಿನ ಭಾಗ ಬರುವುದಿಲ್ಲ, ಬಾವಲಿಗಳ ಸದ್ದಿಗೆ ಬಳಸುವ ಮೈಕ್ ಬೇಕು. ಅಂಥ ಮೈಕಿನಲ್ಲಿ ತೆಗೆದ ದಾಖಲೆ ಸಿಕ್ಕರೆ ಎಂಟು ಪಟ್ಟು ನಿಧಾನ ಮಾಡಿ ಹಾಕಿ. 40 ಇದ್ದದ್ದು 5ಕ್ಕೆ ಇಳಿಯುತ್ತದೆ, ಹಕ್ಕಿಗಳು ಹಾಡುವ ಎತ್ತರ ಅದು. ಹತ್ತು ಸೆಕೆಂಡಿನ ಹಾಡು ಒಂದು ನಿಮಿಷ ದಾಟುತ್ತದೆ. ಕಿರ್ರ್ ಅಂದದ್ದು ಬಿಡಿ ಬಿಡಿ ಸ್ವರಗಳಾಗಿ ತೆರೆದುಕೊಳ್ಳುತ್ತದೆ, ಪ್ರತಿಯೊಂದೂ ಮೇಲಿನಿಂದ ಕೆಳಕ್ಕೆ ಇಳಿಯುವ ಸಿಳ್ಳೆ. ಎರಡು ಇಲಿಗಳ ದಾಖಲೆಯಾದರೆ ಇನ್ನೂ ಒಳ್ಳೆಯದು. ಮೊದಲನೆಯದರ ಕೊನೆಯ ಉದ್ದನೆಯ ಸಿಳ್ಳೆ ಇಳಿದು ನಿಲ್ಲುತ್ತದೆ, ಒಂದಿಷ್ಟು ಹೊತ್ತು ಏನೂ ಇರುವುದಿಲ್ಲ, ಆಮೇಲೆ ದೂರದಿಂದ ಎರಡನೆಯದರ ಮೊದಲ ಚಿಕ್ಕ ಸ್ವರ ಮೆಲ್ಲಗೆ ಬರುತ್ತದೆ.